ಹಸಿದ ಮರಿಗಳ ಜೊತೆ ಕುಮಟೆಯಿಂದ ಶಿರಾಲಿಗೆ

ಕುಮಟೆಯಲ್ಲಿ ಬಸ್ಸು ಹತ್ತುವಾಗಲೇ ಕಂಡಕ್ಟರನಿಗೂ ನನಗೂ ಜಗಳ ಹತ್ತಿತು. ನನ್ನ ಹತ್ತಿರ ಎರಡು ಮಣ್ಣಿನ ಕೊಡ, ಒಂದು ಕೆಂಪು, ಒಂದು ಕರಿ, ಎರಡರ ಬಾಯಿಗೂ ತೆಳು ಬಟ್ಟೆ.

"ಎಂತ ಅಜ್ಜಿ ಅದು, ಜೋನಿ ಬೆಲ್ಲವಾ?"

"ಮೀನಿನ ಮರಿ. ಜೀವ ಇರೋದು."

"ಜೀವ ಇದ್ರೆ ಟಿಕೀಟು ಆಗ್ತದೆ."

"ಕೊಡು. ಅವಕ್ಕೆ ಕೂತ್ಕಳೂಕೆ ಸೀಟೂ ಕೊಡು."

ಬಸ್ಸಿನವರೆಲ್ಲ ನಕ್ಕರು. ಅವನು ಸಾಮಾನಿನ ಚೀಟಿ ಹರಿದುಕೊಟ್ಟ. ಮುಂದೆ ಜಾಗವಿದ್ದರೂ ನಾನು ಹಿಂದಿನ ಗಾಲಿಯ ಮೇಲೆಯೇ ಕುಳಿತೆ. ಅಲ್ಲಿ ಬಸ್ಸು ಹೆಚ್ಚು ಕುಣಿಯುತ್ತದೆ. ನೀರು ಕುಲುಕುತ್ತಿದ್ದರೆ ಅದರೊಳಗೆ ಗಾಳಿ ಸೇರುತ್ತದೆ, ನಿಂತರೆ ಮರಿ ಸಾಯುತ್ತವೆ.

ಈ ಉಸಾಬರಿ ನಮ್ಮ ಕೇರಿಯ ಕೆರೆಯ ಸಲುವಾಗಿ. ಮಳೆಗಾಲ ಮುಗಿಯುವುದರೊಳಗೆ ಮರಿ ಬಿಟ್ಟರೆ ಕೆರೆ ನನಗೆ, ಇಲ್ಲವಾದರೆ ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಹಾಕುವವರಿಗೆ ಎಂದು ಪಂಚಾಯ್ತಿಯವರು ಹೇಳಿದ್ದರು. ಮರಿ ಸಿಗುವುದು ಕುಮಟೆಯಲ್ಲಿ. ಈ ವರ್ಷದ್ದು ಇವೇ ಕಡೆಯವು.

ಮರಿ ಕೊಟ್ಟವನ ಹತ್ತಿರವೂ ನಾನು ಜಗಳ ಮಾಡಿಯೇ ಬಂದಿದ್ದೆ. ಕೊಡದಲ್ಲಿ ಅಷ್ಟು ಜಾಗವಿದೆ, ಇನ್ನೆರಡು ಬೊಗಸೆ ಹಾಕು ಎಂದರೆ ಅವನು ಕೇಳಲಿಲ್ಲ.

"ತುಂಬಿದ್ರೆ ಉಸಿರಿಗೇ ಹೊಡೆದಾಡ್ತಾವೆ ಅಮ್ಮ. ನಿನ್ನೆಯಿಂದ ಉಪವಾಸ ಕೆಡವಿದ್ದೇನೆ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ನೀರು ಕೆಡ್ತದೆ. ಊರಿಗೆ ಮುಟ್ಟಿದ ಮರುದಿನ ತೌಡು, ಶೇಂಗಾ ಹಿಂಡಿ ಪುಡಿ ಮಾಡಿ ಚೂರೇ ಚೂರು ಹಾಕಿ."

ಹೊನ್ನಾವರದಲ್ಲಿ ಆಗ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸಿಳಿದು, ಲಾಂಚಿನಲ್ಲಿ ದಾಟಿ, ಆಚೆ ಕಾಸರಕೋಡಿನಲ್ಲಿ ಬೇರೆ ಬಸ್ಸು ಹಿಡಿಯಬೇಕು. ಲಾಂಚು ಊಟದ ಹೊತ್ತಿನ ಮೇಲೆ ಎಂದರು. ಧಕ್ಕೆಯ ಹತ್ತಿರವೇ ನಾದಿನಿ ಮಾದೇವಿಯ ಮನೆ. ಅವಳು ಕೊಡಗಳನ್ನು ಅಲುಗಿಸುತ್ತ ಕುಳಿತಳು, ನಾನು ಕುಚ್ಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ ಉಂಡೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಮೈಯೆಲ್ಲ ಬೆವರು. ತುತ್ತಿಗೊಮ್ಮೆ ಎದ್ದು ನೋಡಿ ಬರುತ್ತಿದ್ದೆ.

"ಕೂತ್ಕಂಡು ಉಣ್ಣೇ ಅತ್ತಿಗೆ. ಗಂಡು ಮಕ್ಕಳ ಹೆತ್ತಾಗೂ ನೀ ಇಷ್ಟು ಒದ್ದಾಡಲಿಲ್ಲ," ಎಂದಳು.

ಲಾಂಚು ಬಿಡುವಾಗ ಮಾದೇವಿ ಧಕ್ಕೆಯ ಮೇಲೆ ನಿಂತು ಕೂಗಿದಳು: "ನೀ ಕೈ ತೊಳೆಯೂಕೆ ಹೋದಾಗ ನಿನ್ನ ಮರಿಗೂ ಒಂದು ಮುಷ್ಟಿ ಅನ್ನ ಕಿವುಚಿ ಹಾಕಿದ್ದೇನೆ! ಕರೀ ಕೊಡಕ್ಕೆ! ನಮ್ಮನೆ ಮೆಟ್ಟಿಲು ಹತ್ತಿದವರನ್ನ ಹಸಿದು ಕಳಿಸೂಕೆ ಆಗ್ತದಾ?"

ತಿನ್ನಿಸಬೇಡ ಎಂದು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೀನಿಗೆ ಯಾರಾದರೂ ಅನ್ನ ಬಡಿಸುತ್ತಾರೆಯೇ? ಆದರೆ ಆ ಮನೆಯಿಂದ ಬೆಕ್ಕೂ ಉಣ್ಣದೆ ಹೊರಡುವುದಿಲ್ಲ.

ಬಟ್ಟೆ ಬಿಚ್ಚಿದೆ. ಕರಿ ಕೊಡದ ನೀರು ಗಂಜಿಯಾಗಿತ್ತು. ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಲಾಂಚಿನವರೆಲ್ಲ ಬುದ್ಧಿ ಹೇಳಲು ಬಗ್ಗಿದರು.

"ಹೊಳೆ ನೀರು ಹಾಕಿ."

"ಉಪ್ಪು. ಇಲ್ಲಿ ಹೊಳೆಯಲ್ಲಿ ಸಮುದ್ರವೇ ಇದೆ," ಎಂದೆ.

"ಹಾಗಾರೆ ಎಲ್ಲಾ ಒಂದೇ ಕೊಡಕ್ಕೆ ಸುರೀರಿ, ಅಜ್ಜಿ."

ಕೈ ಹೋಗಿಯೇಬಿಟ್ಟಿತ್ತು, ತಡೆದೆ. ಒಂದು ಕೊಡಕ್ಕೆ ಎರಡು ಕೊಡದ ಮರಿ ತುರುಕಿದರೆ ಚೆನ್ನಾಗಿದ್ದವೂ ಸಾಯುತ್ತವೆ. ಸಾಯುವವು ಬೇಕಾದರೆ ಅಲ್ಲೇ ಸಾಯಲಿ ಎಂದು ಎರಡನ್ನೂ ಅಲುಗಿಸುತ್ತ ನಿಂತೆ. ಲಾಂಚು ಅಂದು ಎಮ್ಮೆಯಂತೆ ಹೋಯಿತು.

ಕಾಸರಕೋಡಿನಲ್ಲಿ ಬಸ್ಸು ಹೊರಟೇ ನಿಂತಿತ್ತು. ಡ್ರೈವರ್ ಹಾರನ್ ಒತ್ತುತ್ತಿದ್ದ. ನಾನು ಬಸ್ಸು ಬಿಟ್ಟು, ಬಾವಿ ಕಂಡ ಮನೆಗೆ ನುಗ್ಗಿದೆ. ಅಲ್ಲಿದ್ದ ಮುದುಕಿಯದು ಕೊಂಕಣಿ ಮಾತು. ನಾನು ಕೊಡ ತೋರಿಸಿದೆ. ಅವಳು ಮೂಗಿನ ಹತ್ತಿರ ತಂದು ಮೂಸಿ ಮುಖ ಕಿವುಚಿ, ನೀರು ಸೇದಿದಳು. ನಾನು ಸೆರಗನ್ನು ಕೊಡದ ಬಾಯಿಗೆ ಹಿಡಿದು ಕೆಟ್ಟ ನೀರು ಬಸಿದೆ, ಅವಳು ಹೊಸ ನೀರನ್ನು ಚೊಂಬಿನಿಂದ ನಿಧಾನಕ್ಕೆ ಇಳಿಸಿದಳು. ಮತ್ತೆ ಬಸಿದೆ, ಮತ್ತೆ ಇಳಿಸಿದಳು. ಸೆರಗಿಗೆ ಅನ್ನದ ಜೊತೆ ಸತ್ತ ಮರಿಗಳೂ ಅಂಟಿದವು. ಕೊಡವಿ ಅವಳ ತೆಂಗಿನ ಬುಡಕ್ಕೆ ಹಾಕಿದೆ.

ಮುಂದಿನ ಬಸ್ಸು ಸಂಜೆಗೆ. ಅಷ್ಟು ಹೊತ್ತೂ ಜಗಲಿಯ ಮೇಲೆ ಅವಳೊಂದು ಕೊಡ, ನಾನೊಂದು ಕೊಡ ಅಲುಗಿಸಿದೆವು. ಹೊರಡುವಾಗ ಅವಳು ಅವಲಕ್ಕಿ ತಂದು ಕೊಡದ ಕಡೆ ಕಣ್ಣು ಹಾಯಿಸಿದಳು. ನಾನು ತಟ್ಟೆ ಕಸಿದುಕೊಂಡು ಪೂರ್ತಿ ನಾನೇ ತಿಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಮಂಕಿಯವರೆಗೆ ರಸ್ತೆ ಚೆನ್ನಾಗಿ ಹಾಳಾಗಿತ್ತು, ನನಗೆ ಸಮಾಧಾನ. ಮಾವಳ್ಳಿಯ ಹತ್ತಿರ ಹೊಸದಾಗಿ ಡಾಂಬರು ಹಾಕಿ ನಯ ಮಾಡಿದ್ದರು. ಅಲ್ಲಿ ನಾನೇ ಎದ್ದು ನಿಂತು ಕುಲುಕಿದೆ. "ಅಜ್ಜಿ ಮೈಮೇಲೆ ಬಂತು" ಎಂದರು ಯಾರೋ. ಬರಲಿ.

ಶಿರಾಲಿಗೆ ಮುಟ್ಟಿದಾಗ ಮುಸ್ಸಂಜೆ. ಮನೆಗೆ ಹೋಗದೆ ಕೆರೆಗೆ ಇಳಿದೆ. ಕೊಡಗಳನ್ನು ನೀರಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಾದ ಮೇಲೆ ಬಾಗಿಸಿದೆ. ಒಂದು ಕೊಡದ್ದು ಸುಮಾರು ಎಲ್ಲವೂ ಓಡಿದವು. ಕರಿ ಕೊಡದಲ್ಲಿ ಅರ್ಧಕ್ಕರ್ಧ ತಳದಲ್ಲೇ ಉಳಿದವು. ಓಡಿದಷ್ಟು ಸಾಕು, ಕೆರೆ ನನ್ನದಾಯಿತು.

ತಿರುಗಿ ನೋಡಿದರೆ ಸೊಸೆ ದಡದಲ್ಲಿ ನಿಂತಿದ್ದಾಳೆ, ಕೈಯಲ್ಲಿ ಬಾಳೆಲೆ, ಅದರಲ್ಲಿ ಬಿಸಿ ಅನ್ನ.

"ಅತ್ತೆ, ಅಷ್ಟು ದೂರದಿಂದ ಬಂದಾವೆ. ಹಸಿವಾಗಿರ್ತದೆ."

"ನಂಗೂ ಆಗಿದೆ. ಇಲ್ಲಿ ಕೊಡು."

ಕೆರೆಗೆ ಬೆನ್ನು ಹಾಕದೆ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅಷ್ಟನ್ನೂ ಉಂಡು, ಒಂದಗುಳೂ ಕೆರೆಗೆ ಬೀಳದ ಹಾಗೆ ಎಲೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಎದ್ದೆ.