ಯೆಗೋರೊವ್ನಾ ಕೊರೆಸಿದ ತೂತುಗಳು

ಕಾಪಿತೋಲಿನಾ ಯೆಗೋರೊವ್ನಾ ಮಾಸ್ಕೋ ಹೊರಗೆ, ವಿಮಾನದ ಮಾದರಿಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ನಮ್ಮ ಗಾಳಿಸುರಂಗದಲ್ಲಿ ಇಂಜಿನಿಯರ್. ನಾನು ಅವರ ಪಕ್ಕದ ಮೇಜಿನವಳು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಇಂಜಿನ್ನಿಗೆ ಗಾಳಿ ನುಗ್ಗುವ ಬಾಯಿಯೊಂದಿರುತ್ತದಲ್ಲ, ಅವರ ಬದುಕೆಲ್ಲ ಅದರಲ್ಲೇ ಕಳೆಯಿತು. ಅದರ ಗೋಡೆಗೆ ಅಂಟಿದ ತೆಳುವಾದ ಗಾಳಿಪದರ ನಿಧಾನವಾಗಿ ಹರಿಯುತ್ತದೆ. ಅದು ದಪ್ಪಗಾಗಿ ಗೋಡೆ ಬಿಟ್ಟೆದ್ದರೆ ಇಂಜಿನ್ ಉಸಿರುಗಟ್ಟುತ್ತದೆ. ಆ ಪದರವನ್ನು ಹೊರಗೆ ಹೀರಲು ಯೆಗೋರೊವ್ನಾ ಗೋಡೆಯಲ್ಲಿ ಸಣ್ಣ ತೂತುಗಳನ್ನು ಕೊರೆಸಿದರು. ಸುರಂಗದಲ್ಲಿ ಹರಿವು ಶಾಂತವಾಯಿತು.

ವಿಮಾನ ಕಟ್ಟುವವರು ಅರ್ಧ ತೂತುಗಳನ್ನು ಮುಚ್ಚಿಸಿದರು. ಹೀರಿದ ಗಾಳಿಯೆಲ್ಲ ದಂಡ ಎಂಬುದು ಅವರ ವಾದ.

ಯೆಗೋರೊವ್ನಾ ನಮ್ಮ ಮುಖ್ಯಸ್ಥ ತೀಖೊನೊವಿಚ್ ಬಳಿ ಹೋದರು. "ಹಾರಿಸ್ಬೇಡಿ. ಕೈ ಮುಗೀತೀನಿ."

"ನನ್ನ ಕೈಲಿ ಏನಿದೆಯಮ್ಮ? ಮೇಲಿನವರು ಸಹಿ ಹಾಕಿ ಆಯ್ತು."

ಹಾರಾಟದ ದಿನ ನಾವಿಬ್ಬರೂ ರೇಡಿಯೋ ಮುಂದೆ ಕುಳಿತಿದ್ದೆವು. ಪೈಲಟ್ ರೊದಿಯೋನ್, ನಮ್ಮೆಲ್ಲರ ರೋದ್ಯಾ, ತಮಾಷೆಯ ಹುಡುಗ. "ಯೆಗೋರೊವ್ನಾ, ನಿಮ್ಮ ಗಾಳಿ ಬಾಗಿಲು ಬಡೀತಿದೆ, ಒಳಗೆ ಕರೀಲಾ?" ಎಂದ. ಮರುಕ್ಷಣವೇ ದನಿ ಬದಲಾಯಿತು: "ಎಡದ ಇಂಜಿನ್ ಹೋಯ್ತು." ಬಲದ್ದೂ ನಿಂತಿತು. ಯೆಗೋರೊವ್ನಾ ಮೇಜಿನ ಅಂಚನ್ನು ಹಿಡಿದುಕೊಂಡರು.

ಅವನು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಿ ಬದುಕಿದ, ಬೆನ್ನುಮೂಳೆ ಮುರಿಯಿತು. ತನಿಖೆಯವರು ಪೈಲಟ್‌ನ ತಪ್ಪು ಎಂದು ಬರೆದರು. ಯೆಗೋರೊವ್ನಾ ಸಭೆಯಲ್ಲಿ ಎದ್ದು ನಿಂತು ಕೂಗಾಡಿದರು. ಅವರನ್ನು ಸಭೆಯಿಂದ ಹೊರಗೆ ಕಳಿಸಿದರು. ಕೆಲಸದ ವಿಷಯ ಹೊರಗೆ ಬಾಯಿಬಿಟ್ಟರೆ ಜೈಲು ಎಂಬುದು ನಮಗೆಲ್ಲ ಗೊತ್ತಿತ್ತು.

ಆಸ್ಪತ್ರೆಗೆ ಸೇಬು ಹಿಡಿದು ಹೋದೆವು. ವಾರ್ಡಿನ ತುಂಬ ಜನ.

"ನಾನೇ ಇಂಜಿನ್ ಲಿವರ್ ಬೇಗ ಎಳೆದುಬಿಟ್ನಾ, ಯೆಗೋರೊವ್ನಾ?"

"ಇಲ್ಲ ರೋದ್ಯಾ."

"ಮತ್ತೆ ಏನಾಯ್ತು?"

ಅವರು ಸೇಬಿನ ಸಿಪ್ಪೆ ಹೆರೆಯುತ್ತಲೇ ಇದ್ದರು. ಅವನು ಗೋಡೆ ಕಡೆ ಮುಖ ತಿರುಗಿಸಿದ.

ಮುಂದಿನ ವಿಮಾನದಲ್ಲಿ ಕಟ್ಟುವವರೇ ತೂತುಗಳನ್ನೆಲ್ಲ ಸದ್ದಿಲ್ಲದೆ ತೆರೆದರು. ಅದು ಚೆನ್ನಾಗಿಯೇ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟುವಾಗ ಯೆಗೋರೊವ್ನಾ ಎದ್ದುಹೋದರು.

ದೇಶವೇ ಬದಲಾಗಿ ಬಾಯಿಗೆ ಹಾಕಿದ ಬೀಗ ಸಡಿಲವಾದಾಗ ಅವರು ಮುದುಕಿ. ನನ್ನನ್ನು ಕರೆದುಕೊಂಡು ರೈಲಿನಲ್ಲಿ ಸರಾತೊವ್‌ಗೆ ಹೋದರು. ರೊದಿಯೋನ್ ಅಲ್ಲಿ ತಂಗಿಯ ಮನೆಯಲ್ಲಿ ಗಾಲಿಕುರ್ಚಿಯಲ್ಲಿದ್ದ. ಎಲ್ಲವನ್ನೂ ಬಿಡಿಸಿ ಹೇಳಿದರು.

ಅವನು ಅವರ ಕೈ ತಟ್ಟಿದ. "ನೀವು ಮೊದಲಿನಿಂದ್ಲೂ ಒಳ್ಳೆಯವರು. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಿ. ತಪ್ಪು ನಂದೇ ಅಂತ ನಾನು ಒಪ್ಕೊಂಡು ಎಷ್ಟೋ ವರ್ಷ ಆಯ್ತು, ಬಿಡಿ."

"ನಿಜ ಕಣೋ, ರೋದ್ಯಾ!"

"ಹೂಂ, ಹೂಂ," ಎಂದು ನಕ್ಕ. "ಚಹಾ ಆರ್ತಿದೆ, ಕುಡೀರಿ."