ಹದಿನಾರರ ಬ್ರೇಕು

ಪರೇಲ್‌ನ ಆಸ್ಪತ್ರೆಯೊಂದರಲ್ಲಿ ಮೆದುಳಿನ ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಊರವರ ತಲೆಯೊಳಗೆ ಇಣುಕಿದವಳಿಗೆ ಸ್ವಂತ ಮಗಳ ತಲೆ ಅರ್ಥವಾಗದೇ ಹೋದೀತೇ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಉಳಿದಿದೆ.

ಮಗಳಿಗೆ ಹದಿನಾರು. ಕಾಲೇಜಿನಿಂದ ಬರುವಾಗ ಗೆಳತಿಯರ ಜೊತೆ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಾಳೆಂದು ಸಯನ್‌ನ ನಮ್ಮ ಬಿಲ್ಡಿಂಗಿನ ನೆರೆಯಾಕೆ ಸುದ್ದಿ ತಂದರು. ಹಾಗೆ ನೇತಾಡಿ ಹಳಿ ಪಕ್ಕದ ಕಂಬಕ್ಕೆ ಬಡಿದುಕೊಂಡ ಮಕ್ಕಳ ತಲೆಯ ಸ್ಕ್ಯಾನನ್ನು ನಾನೇ ತೆಗೆದಿದ್ದೇನೆ.

ಬೈದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ, ಅದಕ್ಕೇ ದೋಸೆ ಹೊಯ್ಯುತ್ತಾ ಪಾಠ ಮಾಡಿದೆ. ಹಣೆ ಮುಟ್ಟಿ ತೋರಿಸಿದೆ: ಇದರ ಹಿಂದಿರುವ ಭಾಗವೇ ಬ್ರೇಕು, ಅದು ಪೂರ್ತಿ ಬಲಿಯಲು ಇಪ್ಪತ್ತೈದಾದರೂ ಆಗಬೇಕು. ಥ್ರಿಲ್ ಬಯಸುವ ಭಾಗ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಎದ್ದು ಕೂತಿರುತ್ತದೆ. ಒಬ್ಬೊಬ್ಬರೇ ಇದ್ದಾಗ ನಿಮ್ಮ ವಯಸ್ಸಿನವರು ಚೆನ್ನಾಗಿಯೇ ಯೋಚಿಸುತ್ತೀರಿ, ನಾಲ್ಕು ಜನ ಸೇರಿದರೆ ಮುಗಿಯಿತು.

"ಹಾಗಾದ್ರೆ ನನ್ನ ಗಲ್ತಿ ಅಲ್ವಲ್ಲ ಅಮ್ಮಾ, ಬ್ರೇನ್‌ದೇ ತಪ್ಪು" ಎಂದಳು ದೋಸೆ ಮುರಿಯುತ್ತಾ.

"ಅದು ಬಲಿಯೋ ತನಕ ನನ್ನ ಬ್ರೇಕ್ ಇದೆಯಲ್ಲ. ನಾನು ಹೇಳ್ದಷ್ಟು ಮಾಡು, ಸಾಕು" ಎಂದೆ. ಚೆನ್ನಾಗಿ ಹೇಳಿದೆನೆಂದು ನನಗೇ ಅನ್ನಿಸಿ, ಮರುದಿನ ಆಸ್ಪತ್ರೆಯಲ್ಲಿ ಇಬ್ಬರ ಮುಂದೆ ಆ ಮಾತನ್ನು ಮತ್ತೆ ಆಡಿದೆ.

ಒಂದು ಶನಿವಾರ ಸಂಜೆ ಅವಳು ಕಣ್ಣು ತೋರಿಸಲು ನಮ್ಮ ಆಸ್ಪತ್ರೆಗೆ ಬಂದಳು. ಮುಗಿಸಿಕೊಂಡು ಇಬ್ಬರೂ ಪರೇಲ್ ಸ್ಟೇಷನ್ನಿಗೆ ನಡೆದೆವು. ಅಲ್ಲಿಂದಲೇ ಹೊರಡುವ ಲೋಕಲ್ ಖಾಲಿ ಬರುತ್ತದೆ. ಅದು ನಿಲ್ಲುವ ಮೊದಲೇ ಲೇಡೀಸ್ ಡಬ್ಬಿಗೆ ಜಿಗಿದವರಿಗೆ ಕಿಟಕಿ ಸೀಟು, ನಿಂತ ಮೇಲೆ ಹತ್ತಿದವರಿಗೆ ಬಾಗಿಲ ಬಳಿಯ ಕಂಬಿ. ವರ್ಷಗಟ್ಟಲೆ ಹಾಗೇ ಜಿಗಿದವಳು ನಾನು. ಸಯನ್ ಅಲ್ಲಿಂದ ಮೂರನೆಯ ಸ್ಟೇಷನ್, ಕೂತು ದುಪಟ್ಟಾ ಸರಿಮಾಡಿಕೊಳ್ಳುವಷ್ಟರಲ್ಲಿ ಬಂದೇಬಿಡುತ್ತದೆ. ಆದರೂ ಸೀಟು ಬೇಕು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಂದೂ ಜಿಗಿದೆ. ಒಂದು ಸೀಟಿಗೆ ಬ್ಯಾಗು ಎಸೆದು ಬಾಗಿಲಿಗೆ ಬಂದು, "ಬಾ ಬೇಗ, ಹಿಡ್ಕೋ" ಎಂದು ಕೈ ಚಾಚಿದೆ. ಅವಳು ಓಡಿದಳು. ಕೈ ಕಂಬಿಯ ಹತ್ತಿರ ಬಂತು, ಕಾಲು ಎತ್ತಿದಳು. ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಕಪ್ಪು ಸಂದು ಆಗ ನನ್ನ ಕಣ್ಣಿಗೆ ಬಿತ್ತು. ಇಷ್ಟು ವರ್ಷ ನಾನದನ್ನು ನೋಡಿಯೇ ಇರಲಿಲ್ಲ. ಚಾಚಿದ ಕೈ ಮಾತ್ರ ಚಾಚಿಯೇ ಇತ್ತು.

ಅವಳು ಕಾಲು ಹಿಂದಕ್ಕಿಟ್ಟಳು. ಹಿಂದಿನಿಂದ ಬಂದ ಹೆಂಗಸರು ಭುಜಕ್ಕೆ ಗುದ್ದಿ, ಬೈದು ಹತ್ತಿದರೂ ಅಲ್ಲೇ ನಿಂತಳು. ಗಾಡಿ ನಿಂತ ಮೇಲೆ ನಿಧಾನವಾಗಿ ನಡೆದು ಬಂದು ಹತ್ತಿದಳು.

ಅಷ್ಟರಲ್ಲಿ ಯಾರೋ ನನ್ನ ಬ್ಯಾಗನ್ನು ಸರಿಸಿ ಕೂತಿದ್ದರು. "ನೀ ಕರ್ದೆ, ಲೇಕಿನ್ ಗಾಡಿ ನಿಂತೇ ಇರ್ಲಿಲ್ವಲ್ಲ" ಎಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ದಾದರ್ ದಾಟಿತು, ಮಾಟುಂಗಾ ದಾಟಿತು, ಬಿಡಲಿಲ್ಲ. ಅಂದು ಅವಳ ಜೊತೆ ಗೆಳತಿಯರು ಯಾರೂ ಇರಲಿಲ್ಲ, ಕರೆದವಳು ನಾನೊಬ್ಬಳೇ. ಮಗಳು ನನ್ನ ಮಾತು ಕೇಳಲಿಲ್ಲ, ಅದಕ್ಕೇ ಉಳಿದಳು.