ಡ್ಯೂಸೆಲ್ಡಾರ್ಫಿನ ಆಸ್ಪತ್ರೆಯಲ್ಲಿ ಗಂಡನ ಹೆಸರು

ಕಣ್ಣು ಬಿಟ್ಟರೆ ಒಬ್ಬ ಬಿಳಿಯ ಮುದುಕ ನನ್ನ ಅಂಗಾಲನ್ನು ಕಡ್ಡಿಯಿಂದ ಗೀರುತ್ತಿದ್ದ. ಅವನ ಬೆನ್ನಿಗೆ ಬಿಳಿ ಅಂಗಿಯ ಗಂಡಸರ ಹಿಂಡು, ಎಲ್ಲರ ಕಣ್ಣೂ ನನ್ನ ಹೆಬ್ಬೆರಳ ಮೇಲೆ. ನಮ್ಮ ಗದಗಿನಲ್ಲಿ ಪರಗಂಡಸು ಹೆಂಗಸಿನ ಕಾಲು ಹಿಡಿದರೆ ಊರೇ ಸೇರುತ್ತದೆ. ಇಲ್ಲಿಯೂ ಊರು ಸೇರಿತ್ತು, ಆದರೆ ನೋಡಿ ಕಲಿಯುವುದಕ್ಕೆ.

ನನ್ನ ಕಿರಿಯ ಮಗ ಶಿವಾನಂದ ಈ ಆಸ್ಪತ್ರೆಯಲ್ಲೇ ಡಾಕ್ಟರು. ನಾವು ಲಕ್ವ ಅನ್ನುವುದಕ್ಕೆ ಈ ಜರ್ಮನರು ಶ್ಲಾಗ್‌ಆನ್‌ಫಾಲ್ ಅನ್ನುತ್ತಾರೆ. ಏಟು ಬಿದ್ದ ಹಾಗೆ ಬರುವ ಕಾಯಿಲೆ ಎಂದು ಅರ್ಥವಂತೆ. ಅದರ ಮೇಲೆಯೇ ಅವನ ಸಂಶೋಧನೆ. ತಲೆಯೊಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತೋ, ನರ ಒಡೆದು ರಕ್ತ ಸೋರಿತೋ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವಂತೆ. ಒಂದರ ಔಷಧ ಇನ್ನೊಂದಕ್ಕೆ ವಿಷವಂತೆ. ಇಷ್ಟೆಲ್ಲ ಓದಿದವರು ಈ ಎಪ್ಪತ್ತರ ಇಸವಿಯಲ್ಲೂ ಅದನ್ನೇ ತಡಕಾಡುತ್ತಾ ಕೂತಿದ್ದಾರೆ.

ನಾನು ಬಂದದ್ದು ಸೊಸೆ ವಿಮಲಾಳ ಬಾಣಂತನಕ್ಕೆ. ಮಗು ನಡೆಯಲು ಕಲಿತರೂ ಮಗ ಸೊಸೆ ನನ್ನನ್ನು ಊರಿಗೆ ಕಳಿಸಲಿಲ್ಲ. ಯಜಮಾನರು ಗದಗಿನಲ್ಲಿ ಹಿರಿಯ ಮಗನ ಹತ್ತಿರ ಉಳಿದರು. ಇಲ್ಲಿ ಊಟದ ಮೇಲೆ ಮಿಟಾಗ್ಸ್‌ರೂಹೆ ಎಂದು ಒಂದು ಹೊತ್ತಿದೆ, ಆಗ ಯಾರೂ ಸದ್ದು ಮಾಡಬಾರದು. ನಾನು ರೊಟ್ಟಿ ಬಡಿದರೆ ಕೆಳಗಿನ ಮನೆಯಾಕೆ ಕಸಬರಿಗೆಯ ಕೋಲಿನಿಂದ ಸೂರು ಕುಟ್ಟುತ್ತಾಳೆ. ರೊಟ್ಟಿಯಾದರೂ ಎಂಥದ್ದು! ಜೋಳದ ಹಿಟ್ಟು ಸಿಗದೆ ಇಲ್ಲಿನ ಕಪ್ಪು ಹಿಟ್ಟು ನಾದುತ್ತೇನೆ, ಅದು ಮೇಣದ ಹಾಗೆ ಕೈಗೆ ಅಂಟುತ್ತದೆ. ಹಾಗೆ ನಾದುತ್ತಿದ್ದಾಗಲೇ ಒಂದು ಮಧ್ಯಾಹ್ನ ಬಲಗೈ ಹಿಟ್ಟಿನೊಳಗೇ ಜೀವ ಬಿಟ್ಟಂತಾಯಿತು. ವಿಮಲಾಳನ್ನು ಕರೆದರೆ ಬಾಯಿಂದ ಬರೀ ಗೊಳಗೊಳ ಸದ್ದು.

ಆಸ್ಪತ್ರೆ ಮುಟ್ಟಿ ಸ್ವಲ್ಪ ಹೊತ್ತಿಗೆ ಕೈ ಬಂತು, ನಾಲಿಗೆಯೂ ಬಂತು. ಆದರೆ ಮಾತಾಡುವುದು ಯಾರ ಹತ್ತಿರ? ಶಿವಾನಂದ ಯಾವುದೋ ಸಭೆಗೆಂದು ಬೇರೆ ಊರಿಗೆ ಹೋಗಿದ್ದ. ಭೇಟಿಯ ಹೊತ್ತಲ್ಲವೆಂದು ವಿಮಲಾಳನ್ನು ಮನೆಗೆ ಅಟ್ಟಿದರು. ನಮ್ಮೂರ ಆಸ್ಪತ್ರೆಯಲ್ಲಾದರೆ ರೋಗಿಯ ಮಂಚದ ಕೆಳಗೆ ಅರ್ಧ ಸಂಸಾರ ಮಲಗಿರುತ್ತದೆ.

ಮರುದಿನ ಬೆಳಗ್ಗೆ ಬಂದು ಅಂಗಾಲು ಗೀರಿದವನೇ ಇಲ್ಲಿನ ದೊಡ್ಡ ಪ್ರೊಫೆಸರು. ಹಿಂದೂಸ್ತಾನದವರದ್ದೆಲ್ಲ ಒಂದೇ ಭಾಷೆ ಎಂದುಕೊಂಡು ಕೇರಳದ ನರ್ಸು ಮೇರಿಯನ್ನು ಕರೆಸಿದ. ಅವಳು ಮೆಲ್ಲಗೆ, “ಅಮ್ಮಾ... ಭರ್ತಾವು... ಪೇರು?” ಎಂದಳು.

ಅರ್ಥವಾಯಿತು. ಆದರೆ ಗಂಡನ ಹೆಸರನ್ನು ನಮ್ಮ ಕಡೆ ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ಅದೂ ಅಷ್ಟು ಗಂಡಸರ ಮುಂದೆ? ಸೆರಗನ್ನು ಬಾಯಿಗೆ ಹಿಡಿದು ಮುಖ ತಿರುಗಿಸಿದೆ. ಮತ್ತೆ ಕೇಳಿಸಿದ. ಮತ್ತೆ ತಿರುಗಿಸಿದೆ. ಪ್ರೊಫೆಸರು ಏನೋ ಬರೆಸಿ ಮುಂದಿನ ಮಂಚಕ್ಕೆ ಹೋದ.

ಮಧ್ಯಾಹ್ನ ಶಿವಾನಂದ ಓಡುತ್ತಾ ಬಂದ, ಹಿಂದೆಯೇ ವಿಮಲಾ.

“ಅವ್ವಾ, ನಿನಗ ಮಾತು ಹೋಗೇತಂತ! ನಾಳೆ ಕುತ್ತಿಗಿ ನರಕ್ಕ ಸೂಜಿ ಚುಚ್ಚಿ, ಔಷಧ ಬಿಟ್ಟು ತಲಿಯೊಳಗಿನ ಫೋಟೋ ತೆಗೀತಾರ.”

“ಮಾತು ಯಾರಿಗೆ ಹೋಗೇತೋ? ನಿನ್ನ ಪ್ರೊಫೆಸರಗ ಮರ್ಯಾದಿ ಹೋಗೇತಿ.”

ಅವನು ಮಂಚಕ್ಕೆ ತೂಗುಹಾಕಿದ್ದ ಕಾಗದ ತೆಗೆದು ಪ್ರೊಫೆಸರು ಬರೆಸಿದ್ದನ್ನು ಓದಿದ. “ಮತ್ತ ಅಪ್ಪನ ಹೆಸರು ಯಾಕ ಹೇಳಲಿಲ್ಲ?”

“ನಿಮ್ಮಪ್ಪನ ಹೆಸರು ನಿನಗ ಗೊತ್ತಿಲ್ಲೇನು? ನೀನ ಬರಸಬೇಕಿತ್ತು.”

ವಿಮಲಾ ಮೈಸೂರಿನವಳು. ಅಳುತ್ತಿದ್ದವಳು ನಕ್ಕುಬಿಟ್ಟಳು. “ಅಯ್ಯೋ ಅತ್ತೆ, ನಾನು ಇವರನ್ನ ದಿನಾ ಹೆಸರು ಹಿಡಿದೇ ಕರೀತೀನಿ. ಏನಾಯ್ತು?”

“ಅದಕ್ಕ ಅಂವ ನಿನ್ನ ಮಾತು ಕೇಳೂದಿಲ್ಲ.”

ಶಿವಾನಂದ ನಗಲಿಲ್ಲ. ಆ ಸೂಜಿಯಿಂದಲೇ ಕೆಲವರಿಗೆ ಲಕ್ವ ಹೊಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. “ನಿನಗ ಮಾತು ಬರತೈತಿ ಅಂತ ನಾ ಹೇಳಿದರ, ತಾಯಿ ಅಂತ ಹೇಳ್ತಾನ ಅಂತಾರವ್ವಾ. ಕೇಳಿದ ಪ್ರಶ್ನಿಗೆ ನಿನ್ನ ಬಾಯಿಂದನ ಉತ್ತರ ಬರಬೇಕು.”

ಇಂಥ ಜನ! ಬಾಯಿ ಇದೆಯೋ ಇಲ್ಲವೋ ನೋಡಲು ಬೇರೆ ಪ್ರಶ್ನೆಯೇ ಇರಲಿಲ್ಲವೆ?

ನಮ್ಮ ಕಡೆ ಗಂಡನ ಹೆಸರು ಹೇಳಲು ಒಂದೇ ದಾರಿ, ಒಡಪು. ಮದುವೆಮನೆಯಲ್ಲಿ ಹೆಂಗಸರು ಅಡ್ಡಗಟ್ಟಿ ಕಾಡಿದಾಗ ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿ ಓಡುವುದು. ಮರುದಿನ ಪ್ರೊಫೆಸರು ಹಿಂಡಿನ ಸಮೇತ ಬಂದಾಗ ನಾನು ಎದ್ದು ಕೂತು, ತಲೆಯ ಮೇಲೆ ಸೆರಗು ಹೊದ್ದು ಹೇಳಿದೆ:

“ಬಿಳೀ ಗ್ವಾಡಿ, ಬಿಳೀ ಹಾಸಿಗಿ, ಬಿಳೀ ಅಂಗಿ ಡಾಕ್ಟರು,
ಸುಮ್ಮಕಿದ್ದರ ಕುತ್ತಿಗಿಗೇ ಸೂಜಿ ಹಾಕವರು;
ನನ್ನ ನಾಲಿಗಿ ನೆಟ್ಟಗೈತಿ, ಕೇಳ್ರಿ ಎಲ್ಲಾರು,
ನಮ್ಮ ಮನಿಯವರು ಗುರುಪಾದಪ್ಪನವರು!”

ಶಿವಾನಂದ ತಡವರಿಸುತ್ತಾ ಜರ್ಮನ್‌ನಲ್ಲಿ ಹೇಳಿದ. ಚಿಕ್ಕ ಡಾಕ್ಟರುಗಳು ನಕ್ಕರು. ಪ್ರೊಫೆಸರು ನಗಲಿಲ್ಲ, ಇನ್ನೊಮ್ಮೆ ಹೇಳಿಸು ಎಂದ. ನಾಚಿಕೆಯಲ್ಲಿ ಇನ್ನೊಮ್ಮೆ ಸತ್ತೆ. ಸೂಜಿ ಬೇಡವೆಂದು ಬರೆಸಿದ.

ಆದರೂ ಬಿಡಲಿಲ್ಲ. ಬೆನ್ನಿನಿಂದ ನೀರು ತೆಗೆದು ಅದರಲ್ಲಿ ರಕ್ತವಿಲ್ಲ, ಹಾಗಾಗಿ ತಲೆಯ ನರ ಒಡೆದಿಲ್ಲ ಎಂದರು. ನಾಡಿ ತಪ್ಪಿ ಬಡಿಯುತ್ತಿದೆ, ಎದೆಯಿಂದ ಸಣ್ಣ ಹೆಪ್ಪೊಂದು ತಲೆಗೆ ಏರಿ ಕರಗಿರಬೇಕು ಎಂದರು. ಇರಬೇಕು, ಅಷ್ಟೇ, ಖಾತ್ರಿ ಯಾರಿಗೂ ಇಲ್ಲ. ರಕ್ತ ತೆಳುವಾಗಲು ಗುಳಿಗೆ ಕೊಟ್ಟರು. ಅದು ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ. ಮತ್ತೆ ಮತ್ತೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಬೇಕು.

“ಗದಗಿನಾಗ ಮಾಡಸ್ತೀನಿ, ಟಿಕೆಟ್ ತಗಿ,” ಎಂದೆ.

“ಅಲ್ಲಿ ಇದನ್ನ ನೋಡೋರಿಲ್ಲವ್ವಾ.”

“ಹಂಗಾರ ಗುಳಿಗಿ ಬಿಡತೀನಿ.”

“ಬಿಟ್ಟರ ಈ ಸಲ ಕೈ ವಾಪಸ್ ಬರೂದಿಲ್ಲ.”

ಯಜಮಾನರು ಬರೆಸಿದ ಪ್ರತಿ ಕಾಗದದಲ್ಲೂ ಒಂದೇ ಮಾತು: ಯಾವಾಗ ಬರತೀ? ಅವರಿಗೆ ವಿಮಾನವೆಂದರೆ ಆಗದು, ನನಗೆ ಗುಳಿಗೆ ಬಿಟ್ಟರೆ ಆಗದು.

ರಕ್ತ ಕೊಡಲು ಹೋದಾಗಲೆಲ್ಲ ಮೇರಿ ತೋಳಿಗೆ ಪಟ್ಟಿ ಬಿಗಿಯುತ್ತಾ “ಭರ್ತಾವು ಪೇರು?” ಎಂದು ಕೆಣಕುತ್ತಾಳೆ. ನಾನೂ ಹೊಸ ಒಡಪು ಕಟ್ಟಿ ಹೇಳುತ್ತೇನೆ. ಸಂಸಾರ ಮಾಡಿದ ಅಷ್ಟು ವರ್ಷಗಳಲ್ಲೂ ಅವರ ಹೆಸರು ಇಷ್ಟು ಸಲ ನನ್ನ ಬಾಯಿಗೆ ಬಂದದ್ದಿಲ್ಲ. ಕೂಗಿದರೆ ಓಗೊಡುವಷ್ಟು ಹತ್ತಿರ ಅವರಿದ್ದಾಗ ಕೂಗುವ ಹಾಗಿರಲಿಲ್ಲ. ಈಗ ಎಷ್ಟು ಬೇಕಾದರೂ ಕೂಗಬಹುದು.